ಕೆಂಪು ಕನ್ನಡಕದ ಡಾಕ್ಟರಮ್ಮ

ಮಗಳು ನೀರಿನ ತೊಟ್ಟಿಯ ಕಟ್ಟೆಯಿಂದ ಜಾರಿ ಬಿದ್ದು ಕೈ ಮುರಿದುಕೊಂಡ ದಿನವೇ ಹೊಲಿಗೆಯಮ್ಮ ಡಾಕ್ಟರಮ್ಮನನ್ನು ಮೊದಲು ಕಂಡದ್ದು. ಆಗಿನ್ನೂ ಅವಳಿಗೆ ಆ ಹೆಸರು ಬಿದ್ದಿರಲಿಲ್ಲ. ಗಂಡ ಕಲ್ಲುಗಣಿಯಲ್ಲಿ ಬಂಡೆಯಡಿ ಸಿಕ್ಕಿ ಸತ್ತು ಒಂದು ಚಳಿಗಾಲ ಕಳೆದಿತ್ತು. ಓಣಿಯವರ ಬಾಯಲ್ಲಿ ಅವಳಿನ್ನೂ ‘ಬಂಡೆ ಬಿದ್ದು ಹೋದನಲ್ಲ, ಅವನ ಹೆಂಡತಿ’ಯೇ. ತಡವಾಗಿ ಹುಟ್ಟಿದ ಒಂದೇ ಮಗಳು, ಹಾಲುಹಲ್ಲು ಕೂಡ ಪೂರ್ತಿ ಬಿದ್ದಿರಲಿಲ್ಲ. ಎಡ ಮುಂಗೈ ಹಸಿ ಕೊಂಬೆಯ ಹಾಗೆ ನಡುವೆ ಬಾಗಿತ್ತು. ಅಲುಗಿದರೆ ಮಗು ಚೀರುತ್ತಿತ್ತು. ಪಕ್ಕದ ಮನೆಯವರು “ಎತ್ಕೊಂಡು ಓಡೇ” ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೂ ಅವಳು ಓಡಲಿಲ್ಲ. ಹಾಸಿಗೆಯ ಹೊದಿಕೆ ಹರಿದಳು, ಸೂಜಿಗೆ ದಾರ ಪೋಣಿಸಿದಳು, ಕೈ ಕೂರುವಷ್ಟೇ ಅಗಲದ ಒಂದು ಜೋಲಿ ಹೊಲಿದು ಮಗುವಿನ ಕುತ್ತಿಗೆಗೆ ಹಾಕಿ ಆಮೇಲೆ ಎತ್ತಿಕೊಂಡು ಹೊರಟಳು.

ಆಸ್ಪತ್ರೆ ಅಂದರೆ ಮೊದಲು ಗಣಿಯವರು ಸಾಮಾನು ಇಡುತ್ತಿದ್ದ ಉದ್ದನೆಯ ಕೊಟ್ಟಿಗೆ. ತಗಡಿನ ಮಾಡು, ಸುಣ್ಣ ಬಳಿದ ಗೋಡೆ, ಗೋಡೆಗುಂಟ ಒಂದು ಬೆಂಚು. ಬೆಂಚಿನ ತುದಿಯಲ್ಲಿ ಬಿಳಿ ಅಂಗಿಯ ಹೆಂಗಸೊಬ್ಬರು ಸುಮ್ಮನೆ ಕೂತಿದ್ದರು. ಕಣ್ಣಿಗೆ ದಪ್ಪ ಕೆಂಪು ಗಾಜಿನ ಕನ್ನಡಕ; ಗಾಡಿ ಕುದುರೆಯ ಕಣ್ಣುಪಟ್ಟಿಯ ಹಾಗೆ ಪಕ್ಕಗಳಲ್ಲೂ ಮುಚ್ಚಿಕೊಂಡಿತ್ತು. ನಡುಹಗಲಲ್ಲಿ ಆ ಕೆಂಪು ಕಣ್ಣು ಕಂಡದ್ದೇ ಮಗು ನೋವು ಮರೆತು ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿತು.

“ಈ ಜೋಲಿ ಯಾರು ಹೊಲಿದಿದ್ದು?” ಎಂದರು ಆ ಹೆಂಗಸು. ಮುರಿದ ಕೈಗಿಂತ ಮೊದಲು ಅವರು ನೋಡಿದ್ದು ಹೊಲಿಗೆಯನ್ನು.

“ನಾನೇ.”

“ಮಗು ಅಳ್ತಿರುವಾಗ ಕೂತು ಹೊಲಿದ್ಯಾ?”

“ಅಲುಗಾಡಿದ್ರೆ ಅಳೋಳು. ಹೊಲಿದು ಹಾಕಿದ ಮೇಲೆ ನಿಲ್ಲಿಸಿದ್ಳು.”

ಔಷಧಿ ಕಿಟಕಿಯ ಹಿಂದಿನಿಂದ ಕಾಂಪೌಂಡರ್ ತಲೆ ಹೊರಹಾಕಿದ. “ಬೇರೆಯವರು ಅಳ್ತಾ ಓಡಿಬರ್ತಾರೆ ಡಾಕ್ಟರಮ್ಮ. ಈಕೆ ಗಂಟು ಹಾಕಿ, ದಾರ ಕಚ್ಚಿ ಕತ್ತರಿಸಿ ಬಂದಿದ್ದಾಳೆ.”

ಕ್ರಷರ್ ನಿಲ್ಲುವವರೆಗೆ ಕಾಯಬೇಕು ಎಂದೂ ಅವನೇ ಹೇಳಿದ. ಗಣಿಯ ಕಲ್ಲು ಪುಡಿಮಾಡುವ ಆ ದೈತ್ಯ ಬೆಳಗಿನಿಂದ ಸಂಜೆಯವರೆಗೆ ಊರಿನ ಹಲ್ಲು ನಡುಗಿಸುತ್ತಾ ತಿರುಗುತ್ತಿತ್ತು. ಆಸ್ಪತ್ರೆಗೂ ಅದಕ್ಕೂ ಒಂದೇ ತಂತಿ. “ಅದು ತಿರುಗುವಾಗ ಕರೆಂಟೆಲ್ಲ ಅದರ ಹೊಟ್ಟೆಗೇ. ನಮ್ಮ ಎಕ್ಸ್‌ರೇ ಯಂತ್ರಕ್ಕೆ ಅದರ ಎಂಜಲು” ಎಂದ. ಅದಕ್ಕೇ ಮೂಳೆ ಕೂಡಿಸುವ ಕೆಲಸವೆಲ್ಲ ಗಣಿಯವರು ಊಟಕ್ಕೆ ಬಿಡುವ ಹೊತ್ತಿಗೆ. ಫಿಲ್ಮು ಮುಗಿದು ಎಷ್ಟೋ ಕಾಲವಾಗಿತ್ತು. ಬೇಕೆಂದು ಬರೆದರೆ ಬರುತ್ತದೆ ಎಂಬ ಉತ್ತರ ಬರುತ್ತಿತ್ತು, ಫಿಲ್ಮು ಬರುತ್ತಿರಲಿಲ್ಲ. ಹಾಗಾಗಿ ಡಾಕ್ಟರಮ್ಮ ಚಿತ್ರ ತೆಗೆಯುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಕಿರಣ ಬಿಟ್ಟು, ಮಂಕು ಪರದೆಯ ಮೇಲೆ ಮೂಳೆಯನ್ನು ಕಣ್ಣಾರೆ ನೋಡುತ್ತಾ, ಕೈಯಲ್ಲೇ ಎಳೆದು ಒತ್ತಿ ಕೂಡಿಸುತ್ತಿದ್ದರು. ಆ ಮಂಕು ಬೆಳಕು ಕಾಣಬೇಕಾದರೆ ಕಣ್ಣನ್ನು ಮೊದಲೇ ಕತ್ತಲಿಗೆ ಒಗ್ಗಿಸಬೇಕು. ಕೆಂಪು ಕನ್ನಡಕ ಅದಕ್ಕೆ.

ಕ್ರಷರ್ ನಿಂತಿತು. ಊರಿಗೆ ಊರೇ ಉಸಿರು ಬಿಗಿಹಿಡಿದ ಹಾಗಾಯಿತು. ಡಾಕ್ಟರಮ್ಮ ಎದ್ದು, ಮಂಪರಿನ ಔಷಧಿ ಕುಡಿದು ತೂಗುತ್ತಿದ್ದ ಮಗುವನ್ನು ಎತ್ತಿಕೊಂಡರು.

“ನಾನೂ ಒಳಗೆ ಬರ್ತೀನಿ. ತಾಯಿ ಅಲ್ವಾ.”

“ಬೇಡ. ಒಳಗೆ ನಾನೊಬ್ಬಳೇ. ನೀನು ಗೋಡೆ ಆ ಕಡೆ ನಿಲ್ಲು.”

ಗೋಡೆಯಲ್ಲಿ ದಪ್ಪ ಗಾಜಿನ ಒಂದು ಕಿಂಡಿಯಿತ್ತು. ಅವಳು ಅದಕ್ಕೆ ಕಣ್ಣು ಹಚ್ಚಿದಳು. ಒಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಸದ್ದು, ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಪಾಚಿ ಬಣ್ಣದ ಬೆಳಕು. ಆ ಬೆಳಕಿನಲ್ಲಿ ಮಗಳ ಕೈಯ ಮೂಳೆಗಳು ಕಂಡವು, ಮುರಿದ ಬಳಪದ ಹಾಗೆ. ಅವುಗಳನ್ನು ಹಿಡಿದು ಎಳೆಯುತ್ತಿದ್ದದ್ದೂ ಮೂಳೆಯ ಕೈಯೇ. ಚರ್ಮವಿಲ್ಲ, ಮಾಂಸವಿಲ್ಲ, ಐದು ಉದ್ದನೆಯ ಎಲುಬಿನ ಬೆರಳುಗಳು ಮಗಳ ಎಲುಬನ್ನು ತಡವಿ, ಒತ್ತಿ, ಒಂದರ ತುದಿಗೆ ಒಂದನ್ನು ತಂದು ಕೂರಿಸುತ್ತಿದ್ದವು. ಬದುಕಿರುವವರ ಎಲುಬನ್ನು ಹೀಗೆ ನೋಡಬಾರದು ಅನ್ನಿಸಿತು ಅವಳಿಗೆ. ಆದರೂ ಕಣ್ಣು ತೆಗೆಯಲಿಲ್ಲ.

ಮಗಳ ಕೈ ಹಲಗೆಯಷ್ಟು ನೇರವಾಗಿ ಕೂಡಿತು. ಹೊರಡುವಾಗ ಡಾಕ್ಟರಮ್ಮ ಜೋಲಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿ, “ನಾಳೆಯಿಂದ ಕೆಲಸಕ್ಕೆ ಬಾ. ಇಲ್ಲಿ ಹರಿದದ್ದು ಬಿಟ್ಟರೆ ಬೇರೇನೂ ಇಲ್ಲ” ಎಂದರು.

ಹಾಗೆ ಅವಳು ಹೊಲಿಗೆಯಮ್ಮನಾದಳು.

ಹರಿದದ್ದು ಎಂದರೆ ನಿಜಕ್ಕೂ ಎಲ್ಲವೂ. ಹರಿದ ಹಾಸುಬಟ್ಟೆ ದಿಂಬಿನ ಚೀಲವಾಗುತ್ತಿತ್ತು, ಚೀಲ ಹರಿದರೆ ಗಾಯದ ಪಟ್ಟಿ, ಪಟ್ಟಿ ಸವೆದರೆ ಹೆರಿಗೆ ಕೋಣೆಯ ಒರಸು. ಪಟ್ಟಿಗಳನ್ನು ಕುದಿಸಿ, ಒಣಗಿಸಿ, ಮತ್ತೆ ಸುತ್ತಿಡುವುದು ಅವಳ ಪಾಲು. ಕೈಕಾಲಿಗೆ ಕಟ್ಟುವ ಗಟ್ಟಿ ಪಟ್ಟಿ ಹೊರಗಿನಿಂದ ಬರುತ್ತಿರಲಿಲ್ಲ. ಜಾಳು ಬಟ್ಟೆಯ ಮೇಲೆ ಸುಟ್ಟ ಜಿಪ್ಸಮ್ಮಿನ ಪುಡಿ ಉದುರಿಸಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಎಳೆಗಳ ನಡುವೆ ತುಂಬಿಸಿ, ಸಡಿಲವಾಗಿ ಸುರುಳಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತಿದ್ದಳು. ಆ ಪುಡಿಯಿಂದ ಅವಳ ಕೈ ಯಾವಾಗಲೂ ಬೆಳ್ಳಗೆ. “ರೊಟ್ಟಿ ಅಂಗಡಿ ಇಟ್ಟಿದ್ದೀಯೇನಮ್ಮ?” ಎಂದು ಕಾಂಪೌಂಡರ್ ಛೇಡಿಸುತ್ತಿದ್ದ. “ಇಟ್ಟಿದ್ದೀನಿ. ನಿನ್ನ ಔಷಧಿಗಿಂತ ನನ್ನ ರೊಟ್ಟಿಗೇ ಗಿರಾಕಿ ಜಾಸ್ತಿ” ಎನ್ನುತ್ತಿದ್ದಳು.

ಆಪರೇಷನ್ನಿನ ರಬ್ಬರ್ ಕೈಗವಸನ್ನೂ ಒಂದು ಸಲ ಹಾಕಿ ಎಸೆಯುವಂತಿರಲಿಲ್ಲ. ತೊಳೆದು, ನೀರು ತುಂಬಿ, ಹನಿ ಎಲ್ಲಿ ಜಿನುಗುತ್ತದೆ ನೋಡಿ, ಅಲ್ಲಿಗೆ ತೇಪೆ ಅಂಟಿಸಿ, ಬೇಯಿಸಿ ಇಡಬೇಕು. ಕತ್ತಲೆ ಕೋಣೆಗೆಂದೇ ಬೇರೆ ಒಂದು ಜೊತೆಯಿತ್ತು. ಸೀಸ ತುಂಬಿದ್ದು, ಮೊಣಕೈವರೆಗೆ ಬರುವಂಥದು. ಕಿರಣ ಕೈಗೆ ತಾಗಬಾರದೆಂದು ಮಾಡಿದ್ದು. ಅವಳು ಬರುವ ಮೊದಲೇ ಅದು ಹಳೇ ಚಪ್ಪಲಿಯ ಹಾಗೆ ಬಿರಿದಿತ್ತು. ಅವಳು ಒಳಗೆ ಬಟ್ಟೆ ಕೊಟ್ಟು ಹೊಲಿದು ಸರಿಮಾಡಿದಳು. ಡಾಕ್ಟರಮ್ಮ ಒಂದು ಸಲ ಹಾಕಿಕೊಂಡು, ಬೆರಳು ಮಡಚಲಾಗದೆ, ತೆಗೆದು ಮೊಳೆಗೆ ನೇತುಹಾಕಿದರು.

“ಇದು ಹಾಕ್ಕೊಂಡ್ರೆ ಮೂಳೆ ಹಿಡಿದ ಹಾಗಿರಲ್ಲ, ಕುಂಬಳಕಾಯಿ ಹಿಡಿದ ಹಾಗಿರತ್ತೆ. ಒಂದೆರಡು ನಿಮಿಷದ ಕೆಲಸ, ಬರಿಗೈಯೇ ವಾಸಿ.”

ಆ ಕೈಗವಸು ಮೊಳೆಯಲ್ಲೇ ಉಳಿಯಿತು. ಗಣಿಯ ಊರು. ಬೆರಳು, ಮುಂಗೈ, ತೋಳು, ಕಣಕಾಲು, ಒಂದಲ್ಲ ಒಂದು ಮುರಿಯದೆ ವಾರ ಕಳೆಯುತ್ತಿರಲಿಲ್ಲ. ಮಧ್ಯಾಹ್ನ ಕ್ರಷರ್ ನಿಂತ ತಕ್ಷಣ ಜನ ಒಬ್ಬರ ಮುಖ ಒಬ್ಬರು ನೋಡಿ, ಇವತ್ತು ಯಾರದೋ ಎಂದುಕೊಳ್ಳುವರು. ಆ ನಿಶ್ಶಬ್ದದಲ್ಲಿ ಕಿವಿಗೊಟ್ಟರೆ ಗುಂಯ್ ಎಂಬ ಸದ್ದು ಬೀದಿಯವರೆಗೂ ಬರುತ್ತಿತ್ತು. ಒಳಗೆ ಹೋಗುವ ಮೊದಲು ಡಾಕ್ಟರಮ್ಮ ಎಲ್ಲರನ್ನೂ ಹೊರಗಟ್ಟುವರು. ತಾಯಿ, ಗಂಡ, ಕಾಂಪೌಂಡರ್, ಯಾರೂ ಇರಕೂಡದು. ಅದೊಂದು ಅವರ ಗತ್ತು ಅಂತಲೇ ಜನ ತಿಳಿದಿದ್ದರು. ಹೊಲಿಗೆಯಮ್ಮನೂ ಹಾಗೇ ತಿಳಿದಿದ್ದಳು.

ವರ್ಷಗಳು ಹೋದ ಮೇಲೆ ಅವಳಿಗೊಂದು ವಿಷಯ ಕಂಡಿತು. ತೇಪೆಗೆ ಬರುವ ಕೈಗವಸುಗಳಲ್ಲಿ ಎಡಗೈಯ ತೋರುಬೆರಳೇ ಹರಿದಿರುತ್ತಿತ್ತು. ಬೇರೆ ಬೆರಳು ಎಂದೋ ಒಮ್ಮೆ, ಈ ಬೆರಳು ಪ್ರತಿಸಲ.

“ನಿನ್ನ ತೇಪೆ ನಿಲ್ತಿಲ್ಲ ಕಣಮ್ಮ” ಎಂದರು ಡಾಕ್ಟರಮ್ಮ ಒಂದು ದಿನ.

“ತೇಪೆ ನಿಲ್ಲತ್ತೆ. ನಿಮ್ಮ ಉಗುರು ಬಿಡಲ್ಲ.”

ಡಾಕ್ಟರಮ್ಮ ನಕ್ಕು ಎಡಗೈ ಚಾಚಿದರು. ಅವಳು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಉಗುರುಗಳು ಉದ್ದುದ್ದ ಸೀಳಿ, ಒಣ ತೊಗಟೆಯ ಹಾಗೆ ಎದ್ದಿದ್ದವು. ಬೆರಳ ಮೇಲೆ ಕೂದಲೆಂಬುದಿಲ್ಲ, ಗೆರೆಯೆಂಬುದಿಲ್ಲ. ಚರ್ಮ ಕಾಗದದಷ್ಟು ತೆಳ್ಳಗೆ, ಕೆಲವು ಕಡೆ ಕಂದು, ಕೆಲವು ಕಡೆ ಸುಣ್ಣದ ಬಿಳುಪು. ಆದರೆ ಬಲಗೈ ಅಷ್ಟು ಕೆಟ್ಟಿರಲಿಲ್ಲ. ಎಡಗೈ ಎಂದರೆ ಮುರಿದ ಜಾಗವನ್ನು ಕಿರಣದ ಕೆಳಗೇ ಒತ್ತಿ ಹಿಡಿಯುವ ಕೈ. ಬಲಗೈ ದೂರದಲ್ಲಿ ನಿಂತು ಎಳೆಯುವ ಕೈ.

“ನನ್ನ ಕೈ ನನಗಿಂತ ಮುಂಚೆ ಮುದುಕಿ ಆಯ್ತು ನೋಡು” ಎಂದರು.

“ನೋವಿದೆಯಾ?”

“ನೋವಿದ್ರೆ ಒಳ್ಳೇದಿತ್ತು. ಬಿಸಿ ತಣ್ಣಗೆ ಯಾವುದೂ ಗೊತ್ತಾಗ್ತಿಲ್ಲ.”

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ತುತ್ತು ಕಲಸುತ್ತಲೇ ಇದ್ದಳು. ಎದುರಿಗೆ ಕೂತ ಮಗಳ ಎಡಗೈ ಮೇಲೆಯೇ ಕಣ್ಣು. ನೇರವಾದ, ತುಂಬಿಕೊಂಡ, ಬಳುಕುವ ಕೈ.

ಮಗಳು ಅಷ್ಟರಲ್ಲಿ ದೊಡ್ಡವಳಾಗಿದ್ದಳು. ಪಟ್ಟಣದಲ್ಲಿ ನರ್ಸಿಂಗ್ ಕಲಿತು, ಅಲ್ಲೇ ಕೆಲಸ ಕೊಡುತ್ತೇವೆಂದರೂ ಒಲ್ಲೆನೆಂದು, ಇದೇ ತಗಡಿನ ಮಾಡಿನಡಿಗೆ ವಾಪಸು ಬಂದಳು. ಅವಳಿಗೆ ಡಾಕ್ಟರಮ್ಮನ ಹುಚ್ಚು. ಅವರ ಹಾಗೇ ನಡೆಯುವಳು, ಅವರ ಹಾಗೇ ಮಾತು ನುಂಗುವಳು. ಅವಳು ಸೂಜಿ ಚುಚ್ಚಿದರೆ ರೋಗಿಗೆ ಚುಚ್ಚಿದ್ದು ತಿಳಿಯದು. “ಇವಳ ಬೆರಳಿಗೆ ಕಣ್ಣಿದೆ” ಎಂದು ಡಾಕ್ಟರಮ್ಮ ಹೊಗಳಿದಾಗ ತಾಯಿಯ ಮುಖ ಇಷ್ಟಗಲವಾಗಿತ್ತು. ಆಮೇಲಾಮೇಲೆ ಆ ಮಾತು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದಳು.

ಡಾಕ್ಟರಮ್ಮನ ತೋರುಬೆರಳ ಗೆಣ್ಣಿನ ಮೇಲೆ ನರುಳ್ಳೆಯ ಹಾಗೆ ಒಂದು ಗಂಟು ಎದ್ದಿತು. ಅದು ಒಡೆದು ಹುಣ್ಣಾಯಿತು. ಮುಲಾಮು ಹಚ್ಚಿದರೂ, ಸುಟ್ಟರೂ, ಕೆರೆದರೂ ಅದು ಮಾಯಲಿಲ್ಲ. ಕೈಗವಸಿನ ಒಳಗೆ ಈಗ ಕಂದು ಕಲೆ ಬರತೊಡಗಿತು. ಅದನ್ನು ತೊಳೆಯುವವಳು ಹೊಲಿಗೆಯಮ್ಮ. ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಯಾರಿದ್ದರು? ಊರಿಗೆ ಇನ್ನೊಬ್ಬ ಡಾಕ್ಟರಿಲ್ಲ. ಒಬ್ಬ ಹೊಸಬ ಬಂದಿದ್ದ. ಕ್ರಷರ್ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಪೆಟ್ಟಿಗೆ ಬಿಚ್ಚದೆಯೇ ಹಿಂದಿರುಗಿದ. “ನಮ್ಮ ಡಾಕ್ಟರಮ್ಮ ಗಟ್ಟಿ ಜೀವ, ಏನೂ ಆಗಲ್ಲ” ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಆ ಕೈಯನ್ನು ಕಂಡವರೇ ಇನ್ನೂ ಜೋರಾಗಿ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಕ್ರಷರ್ ನಿಂತು, ಗುಂಯ್ ಸದ್ದು ಎದ್ದಾಗ ಹೊಲಿಗೆಯಮ್ಮ ಪಟ್ಟಿ ಸುತ್ತುತ್ತಿದ್ದಳು. ಗೋಡೆಯ ಈಚೆ ಇರಬೇಕಾಗಿದ್ದ ಮಗಳು ಕಾಣಲಿಲ್ಲ. ಹೋಗಿ ಕಿಂಡಿಗೆ ಕಣ್ಣು ಹಚ್ಚಿದಳು. ಪಾಚಿ ಬೆಳಕಿನಲ್ಲಿ ಮುರಿದ ಕಾಲೊಂದರ ಮೂಳೆ. ಅದನ್ನು ಒತ್ತಲು ಹೋಗಿ ಸೋತು ಜಾರುತ್ತಿರುವ ಹಳೆಯ ಎಲುಬಿನ ಬೆರಳು. ಅದರ ಪಕ್ಕದಲ್ಲಿ ಹೊಸದೊಂದು ಎಲುಬಿನ ಕೈ, ಸಣ್ಣದು, ಚುರುಕಿನದು. ಆ ಕೈಯ ಮುಂಗೈಯಲ್ಲಿ ಹಳೆಯ ಮುರಿತ ಕೂಡಿದ ಜಾಗ ಗಂಟಾಗಿ ಕಾಣುತ್ತಿತ್ತು.

ಅವಳ ಕೈಯಲ್ಲಿದ್ದ ಸುರುಳಿ ಬಿಚ್ಚಿಕೊಂಡು ನೆಲದುದ್ದಕ್ಕೂ ಉರುಳಿತು.

ಒಳಗಿನಿಂದ ಡಾಕ್ಟರಮ್ಮನ ದನಿ ಕೇಳಿತು, “ಹೊರಗೆ ಹೋಗು.” ಅವರು ಹಾಗೆ ಗದರಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಸಂಜೆ ಡಾಕ್ಟರಮ್ಮ ಹೊಲಿಗೆ ಕೋಣೆಗೇ ಬಂದರು. ಸ್ಟೂಲ್ ಎಳೆದು ಕೂತರು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು, ಮುಖ ಊದಿಸಿಕೊಂಡು.

“ಒಂದೇ ಸಲ ಅಲ್ವಾ ಹಿಡಿದಿದ್ದು” ಎಂದಳು.

“ನಾನೂ ಒಂದೇ ಸಲ ಅಂತಲೇ ಶುರು ಮಾಡಿದ್ದು ತಾಯಿ. ಇಷ್ಟು ವರ್ಷ ಒಂದೊಂದೇ ಸಲ.” ಆಮೇಲೆ ತಾಯಿಯ ಕಡೆ ತಿರುಗಿದರು. “ಈ ಕಿರಣದ ಬೆಂಕಿ ಮುಟ್ಟಿದ ದಿನ ಸುಡಲ್ಲ ಕಣಮ್ಮ. ಇಪ್ಪತ್ತು ವರ್ಷ ಬಿಟ್ಟು ಸುಡತ್ತೆ. ಎಪ್ಪತ್ತರ ಮುದುಕಿ ಆಗಿದ್ರೆ ಹೆದರಿಕೆಯೇ ಇರ್ತಿರಲಿಲ್ಲ. ಅದು ಬಂದು ಬಾಗಿಲು ತಟ್ಟೋ ಹೊತ್ತಿಗೆ ಮನೇಲಿ ಯಾರೂ ಇರಲ್ಲ. ಮೊದಲೇ ಹೊಳೆದಿದ್ರೆ ಒಂದು ಮುದುಕಿಯನ್ನ ಈ ಕೆಲಸಕ್ಕೆ ಇಟ್ಕೋತಿದ್ದೆ.”

ಅವರೊಬ್ಬರೇ ನಕ್ಕರು. ಆಮೇಲೆ ಜೇಬಿನಿಂದ ಕತ್ತಲೆ ಕೋಣೆಯ ಕೀಲಿ ತೆಗೆದು ಅವಳ ಮಡಿಲಿಗೆ ಹಾಕಿದರು. ಕೈ ತೋರಿಸಲು ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗುತ್ತಿರುವುದಾಗಿ ಹೇಳಿದರು. “ಇದು ನಿನ್ನ ಹತ್ರ ಇರಲಿ. ಯಾರು ಕೇಳಿದ್ರೂ ಕೊಡಬೇಡ. ಇವಳು ಕಾಲಿಗೆ ಬಿದ್ರೂ ಕೊಡಬೇಡ. ನಾನೇ ಬಂದು ಕೇಳಿದ್ರೂ ಕೊಡಬೇಡ.”

ಅವಳು ಅದನ್ನು ಜಿಪ್ಸಮ್ಮಿನ ಪುಡಿಯ ಡಬ್ಬಿಯ ತಳದಲ್ಲಿ ಹೂತಿಟ್ಟಳು.

ಡಾಕ್ಟರಮ್ಮ ಇಲ್ಲದ ದಿನಗಳಲ್ಲಿ ಊರು ತುಸು ಮೆತ್ತಗೆ ಹೆಜ್ಜೆ ಇಟ್ಟಿತು. ಆದರೂ ಎಷ್ಟು ದಿನ? ಗಣಿಯಲ್ಲಿ ಬಂಡೆಗೆ ತೂತು ಕೊರೆಯುವವನೊಬ್ಬನನ್ನು ನಾಲ್ಕು ಜನ ಹೊತ್ತು ತಂದರು. ಬಲ ಮುಂಗೈಯ ಎರಡೂ ಮೂಳೆ ಮುರಿದಿದ್ದವು. ಕಾಂಪೌಂಡರ್ ಮುದುಕನಾಗಿದ್ದ, ಅವನ ಕೈಗೆ ನಡುಕ ಹತ್ತಿ ಬಹಳ ದಿನವಾಗಿತ್ತು. ಕತ್ತಲೆ ಕೋಣೆಯ ಮುಂದೆ ಗುಂಪು ಸೇರಿತು. ಮಗಳು ಓಡಿ ಬಂದು ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡಳು.

“ಅಮ್ಮ, ಕೀ ಕೊಡು.”

“ಕೊಡಲ್ಲ.”

“ಡಾಕ್ಟರಮ್ಮ ಇರಲಿಲ್ಲ ಅಂದಿದ್ರೆ ನನ್ನ ಕೈ ಏನಾಗ್ತಿತ್ತು ಹೇಳು. ನೇರ ಮಾಡಿದ್ದು ಯಾರು? ಆ ಕೋಣೇಲೇ ತಾನೇ?”

“ಅದಕ್ಕೇ ಕೊಡಲ್ಲ.”

“ಅವನ ಹೆಂಡತಿ ಹೊರಗೆ ಅಳ್ತಿದ್ದಾಳೆ. ಕೇಳಿಸ್ತಿದೆಯಾ?”

ಕೇಳಿಸುತ್ತಿತ್ತು. ಅವಳು ಹೊಲಿಯುತ್ತಲೇ ಇದ್ದಳು. ಹೊಲಿಗೆ ಸೊಟ್ಟಗೆ ಹೋಗುತ್ತಿದೆ ಎಂದು ಗೊತ್ತಿದ್ದೂ ಹೊಲಿದಳು. ಪಟ್ಟಣಕ್ಕೆ ಒಯ್ಯಲು ಅವರಲ್ಲಿ ದುಡ್ಡಿರಲಿಲ್ಲ. ಕಡೆಗೆ ಕಾಂಪೌಂಡರ್ ಕಣ್ಣಿಗೆ ಕಾಣದ ಮೂಳೆಯನ್ನು ತಡವಿ ತಡವಿ ಕೂಡಿಸಿ ಪಟ್ಟಿ ಸುತ್ತಿದ. ಅದು ಸೊಟ್ಟಗೆ ಕೂಡಿತು. ಅಂಗೈ ಮೇಲಕ್ಕೆ ತಿರುಗದ ಕೈಗೆ ಗಣಿಯಲ್ಲಿ ಏನು ಕೆಲಸ? ಕೊರೆಯುವವನು ಆಸ್ಪತ್ರೆಯ ಗೇಟಿಗೆ ಎದುರಾಗಿ ಕೂತು ಬೀಡಿ ಮಾರತೊಡಗಿದ. ಅವಳು ಬರುವಾಗ ಹೋಗುವಾಗ ಆ ಸೊಟ್ಟ ಕೈಯನ್ನೇ ಎತ್ತುತ್ತಿದ್ದ.

“ಏನ್ ಕೀಲಿಯಮ್ಮ, ಊಟ ಆಯ್ತಾ? ಜೋಪಾನವಾಗಿದೆಯಾ ಕೀ?”

“ಆಯ್ತಪ್ಪ” ಎಂದಷ್ಟೇ ಹೇಳಿ ಅವಳು ದಾಟಿಹೋಗುತ್ತಿದ್ದಳು. ಮನೆಯಲ್ಲಿ ಮಗಳು ಮಾತು ಬಿಟ್ಟಿದ್ದಳು. ತಟ್ಟೆ ಇಡುವ ಸದ್ದು, ಎತ್ತುವ ಸದ್ದು, ಅಷ್ಟೇ. ಅವಳು ಮಾತ್ರ ಮಗಳು ಮಲಗಿದ ಮೇಲೆ ಹೊದಿಕೆಯಿಂದ ಹೊರಗೆ ಚಾಚಿದ ಕೈಯ ಉಗುರುಗಳನ್ನು ದೀಪ ಹಿಡಿದು ನೋಡುವಳು. ನುಣುಪಾಗಿವೆ. ಇವತ್ತಿಗೆ ನುಣುಪಾಗಿವೆ.

ಡಾಕ್ಟರಮ್ಮ ಮರಳಿ ಬಂದಾಗ ಬಸ್ಸಿನಿಂದ ಇಳಿದ ಅವರನ್ನು ಹೊಲಿಗೆಯಮ್ಮ ಮೊದಲು ಗುರುತಿಸಲಿಲ್ಲ. ಅಂಗಿಯ ಎಡತೋಳು ಗಾಳಿಗೆ ಹಾರುತ್ತಿತ್ತು. ಮೊದಲು ಬೆರಳು ತೆಗೆದರಂತೆ, ಆಮೇಲೆ ಅಂಗೈ, ಆಮೇಲೆ ಮೊಣಕೈ ಮೇಲಿನವರೆಗೆ.

“ಈ ತೋಳು ಹೊಲಿದು ಮುಚ್ಚು” ಎಂದರು. “ಬಾಗಿಲ ಚಿಲಕಕ್ಕೆಲ್ಲ ಸಿಕ್ಕಿಕೊಳ್ಳತ್ತೆ.”

ಅವಳು ಅವರ ಅಂಗಿಗಳನ್ನೆಲ್ಲ ಒಂದೊಂದಾಗಿ ಹೊಲಿದಳು. ಅಳತೆ ತೆಗೆಯುವಾಗ ಕಂಕುಳಿನಲ್ಲಿ ಕಲ್ಲಿನಂಥ ಗಂಟುಗಳು ಅವಳ ಕೈಗೆ ತಾಗಿದವು. ಡಾಕ್ಟರಮ್ಮ ಅವಳ ಕಣ್ಣು ನೋಡಿ, “ಹೂಂ, ಅಲ್ಲಿಗೂ ಬಂದಿದೆ” ಎಂದರು. ಸೊಟ್ಟ ಕೈಯ ವಿಷಯ ಯಾರೋ ಮೊದಲೇ ಅವರ ಕಿವಿಗೆ ಹಾಕಿದ್ದರು. ಅವರು ಅವಳಿಗೆ ಶಹಭಾಸ್ ಅನ್ನಲಿಲ್ಲ, ತಪ್ಪು ಮಾಡಿದೆ ಎಂದೂ ಅನ್ನಲಿಲ್ಲ. ಗೇಟಿನ ಹತ್ತಿರ ಹೋಗಿ, ಕೊರೆಯುವವನ ಕೈಯನ್ನು ತಮ್ಮ ಒಂಟಿ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಬಂದರು.

ಹೆಂಗಸರ ವಾರ್ಡಿನ ಮೂಲೆಯಲ್ಲಿ ಅವರಿಗೊಂದು ಮಂಚ ಹಾಕಿದರು. ಅಲ್ಲಿಂದಲೇ ರೋಗಿಗಳನ್ನು ನೋಡುವರು, ಮಗಳಿಗೆ ಹೇಳಿಕೊಡುವರು. ಫಿಲ್ಮಿಗೆ ಮತ್ತೆ ಬರೆಸಿದರು. ಬರುತ್ತದೆ ಎಂಬ ಉತ್ತರ ಬಂತು. ದಿನದಿನಕ್ಕೆ ಅವರು ಹಾಸಿಗೆಯಲ್ಲಿ ಚಿಕ್ಕವರಾಗುತ್ತಾ ಹೋದರು. ಹೊಲಿಗೆಯಮ್ಮ ಅದೇ ಅಂಗಿಗಳನ್ನು ಮತ್ತೆ ಒಳಕ್ಕೆ ಹಿಡಿದು ಹೊಲಿಯಬೇಕಾಯಿತು.

ಗಣಿಯವರು ಊಟಕ್ಕೆ ಬಿಡುವ ಸ್ವಲ್ಪ ಮೊದಲು, ಕೊರೆಯುವವನು ವಾರ್ಡಿನೊಳಗೇ ನುಗ್ಗಿ ಬಂದ. ಸೊಟ್ಟ ಕೈಯ ಮೇಲೆ ಅವನ ಕಿರಿಮಗಳು, ಏಣಿಯಿಂದ ಬಿದ್ದವಳು. ಮೊಣಕೈ ಮೇಲೆ ಮುರಿದು ಊದಿತ್ತು. ಕೂಸಿಗೆ ಅಳುವ ತ್ರಾಣವೂ ಇರಲಿಲ್ಲ.

ಡಾಕ್ಟರಮ್ಮ ಎದ್ದು ಕೂತು ಮಗುವಿನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಮಗುವಿನ ಬೆರಳುಗಳು ಮೇಣದ ಹಾಗೆ ಬಿಳಿಚಿದ್ದವು.

“ನಾಡಿ ಸಿಗ್ತಿಲ್ಲ. ಮುರಿದ ಮೂಳೆ ರಕ್ತದ ನಾಳದ ಮೇಲೆ ಕೂತಿದೆ.”

“ಲಾರಿಯಲ್ಲಿ ಪಟ್ಟಣಕ್ಕೆ ಕಳಿಸಿದ್ರೆ?” ಎಂದಳು ಮಗಳು.

“ಲಾರಿ ಮುಟ್ಟೋ ಹೊತ್ತಿಗೆ ಈ ಕೈ ಸತ್ತಿರತ್ತೆ. ನೋಡದೆ ಕೂಡಿಸೋಕೆ ಹೋದ್ರೂ ಸಾಯತ್ತೆ. ಕನ್ನಡಕ ತಾ.”

ಕೆಂಪು ಕನ್ನಡಕ ಕಿಟಕಿಯ ಗೂಟಕ್ಕೆ ನೇತಾಡುತ್ತಿತ್ತು, ಧೂಳು ಹಿಡಿದು. ಮಗಳು ಒರೆಸಿ ಕೊಟ್ಟಳು. ಡಾಕ್ಟರಮ್ಮ ಒಂದೇ ಕೈಯಲ್ಲಿ ಅದನ್ನು ಹಾಕಿಕೊಂಡು ಸುಮ್ಮನೆ ಕೂತರು, ಮೊದಲ ದಿನ ಬೆಂಚಿನ ಮೇಲೆ ಕೂತಿದ್ದ ಹಾಗೆಯೇ. ಹೊರಗೆ ಕ್ರಷರ್ ತಿರುಗುತ್ತಿತ್ತು.

ಕೊರೆಯುವವನು ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ತಿರುಗಿದ. “ಹೊಲಿಗೆಯಮ್ಮ” ಎಂದ. ಎಷ್ಟೋ ತಿಂಗಳ ಮೇಲೆ ಅವನು ಆ ಹೆಸರು ಹಿಡಿದದ್ದು. “ನನ್ನ ಕೈಯ ಮಾತು ಹೋಗಲಿ ಬಿಡು, ಅದು ಮುಗೀತು. ನಾನು ಕೇಳ್ತಿರೋದು ಈ ಕೂಸಿನದು.”

ಅವಳು ಒಳಗೆ ಹೋಗಿ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿದಳು. ಕೀಲಿ ತಳದಲ್ಲೇ ಇತ್ತು. ಹಿಡಿದುಕೊಂಡು ಬಂದು ಮಂಚದ ಮುಂದೆ ನಿಂತಳು, ಕೊಡಲಿಲ್ಲ.

“ನಾನೇ ಕೇಳಿದ್ರೂ ಕೊಡಬೇಡ ಅಂದಿದ್ರಿ.”

“ಅಂದಿದ್ದೆ.”

ಮಗಳು ಅಷ್ಟರಲ್ಲಿ ತೋಳು ಮಡಚಿ, ಕೈ ತೊಳೆದು ಬಂದು ನಿಂತಿದ್ದಳು. ಆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. “ನೀವು ಎಳೀರಿ ಡಾಕ್ಟರಮ್ಮ. ಒತ್ತೋದು ನಾನು. ಇದೊಂದೇ ಸಲ.”

“ನೀನು ಗೋಡೆ ಆ ಕಡೆ.”

“ಒಂದು ಕೈಯಲ್ಲಿ ನೀವು ಏನು ಮಾಡ್ತೀರಿ? ಎಳೀತೀರೋ, ಒತ್ತುತೀರೋ?”

ಮೂಳೆ ಕೂಡಿಸಲು ಎರಡು ಕೈ ಬೇಕೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಾಂಪೌಂಡರ್ ಮಂಪರಿನ ಔಷಧಿಯ ಲೋಟ ಹಿಡಿದು ನಿಂತಿದ್ದ, ಲೋಟದೊಳಗೆ ಚಮಚ ಟಣಟಣ ಎನ್ನುತ್ತಿತ್ತು. “ನಾನು ಒತ್ತಿದ್ರೆ ಕೂಸಿನ ಜೊತೆ ಮೇಜೂ ನಡುಗತ್ತೆ” ಎಂದ ಅವನು.

ಮಗಳು ತಾಯಿಯ ಕೈಯಲ್ಲಿದ್ದ ಕೀಲಿಗೆ ಕೈ ಚಾಚಿದಳು. ಅವಳು ಮುಷ್ಟಿ ಬಿಗಿದಳು. ಕೊಟ್ಟರೆ ಮಗಳು ಒಳಗೆ ಹೋಗುತ್ತಾಳೆ, ಇಂದು ಈ ಕೂಸಿಗೆ, ನಾಳೆ ಇನ್ನೊಬ್ಬರಿಗೆ, ಒಂದೊಂದೇ ಸಲ. ಕೊಡದಿದ್ದರೆ ಮೇಣದಂಥ ಆ ಐದು ಬೆರಳು ಸಂಜೆಗೆ ಕಪ್ಪಾಗುತ್ತವೆ.

ಆಗ ಕ್ರಷರ್ ನಿಂತಿತು.

ಕಿವಿಯಲ್ಲಿ ನಿಶ್ಶಬ್ದ ಮೊಳಗಿತು. ಡಾಕ್ಟರಮ್ಮ ಮಂಚದಿಂದ ಕಾಲು ಇಳಿಬಿಟ್ಟರು. ಕೆಂಪು ಕನ್ನಡಕ ನಿಧಾನವಾಗಿ ತಿರುಗಿತು: ಕಾಂಪೌಂಡರನ ನಡುಗುವ ಕೈ ದಾಟಿ, ಮಗಳ ಒದ್ದೆ ಕೈ ದಾಟಿ, ಹೊಲಿಗೆಯಮ್ಮನ ಮುಷ್ಟಿಯ ಮೇಲೆ ಬಂದು ನಿಂತಿತು. ಪುಡಿ ಮೆತ್ತಿ ಬಿಳಿಯಾದ, ನರ ಎದ್ದ, ಸುಕ್ಕುಗಟ್ಟಿದ ಕೈ. ಜೀವಮಾನವಿಡೀ ಸೂಜಿ ಹಿಡಿದ ಆ ಕೈ ಅಷ್ಟು ಜನರ ನಡುವೆ ಅಲುಗದೆ ನಿಂತಿತ್ತು. ಇಪ್ಪತ್ತು ವರ್ಷದ ಮಾತು, ಬಾಗಿಲು ತಟ್ಟುವ ಮಾತು, ಅವಳಿಗೂ ಆ ಕ್ಷಣದಲ್ಲೇ ನೆನಪಾಯಿತು.

ಡಾಕ್ಟರಮ್ಮ ತಮ್ಮ ಉಳಿದ ಕೈಯಿಂದ ಆ ಮುಷ್ಟಿಯನ್ನು ಮೆಲ್ಲಗೆ ಹಿಡಿದು ಕೇಳಿದರು. ಅವರು ಅವಳನ್ನು ಕೇಳಿದ ಕಡೆಯ ಮಾತು ಅದೇ.

“ನಿನಗೀಗ ವಯಸ್ಸೆಷ್ಟಾಯ್ತಮ್ಮ?”